ಎರಡು ಕಿಲೋ ಏಳುನೂರು ಗ್ರಾಂ

ಪರಮಣ್ಣನನ್ನು ಅಪರಾಧದ ಹಾದಿಗೆ ಎಳೆದದ್ದು ಒಂದು ತೆಂಗಿನಕಾಯಿ. ಅದು ನಡೆದದ್ದು ಹುಬ್ಬಳ್ಳಿಯ ಒಂದು ಎಣ್ಣೆ ಕಾರ್ಖಾನೆಯ ಆಫೀಸಿನಲ್ಲಿ. ಮುಖ ಕಾಣುವಂತೆ ಹೊಳೆಯುವ ನೆಲ, ಸೋಫಾದ ತುದಿಯಲ್ಲಿ ಮೈ ಮುದುಡಿಕೊಂಡು ಕುಳಿತ ಪರಮಣ್ಣ, ಅವನ ಕಾಲ ಹತ್ತಿರ ಅವನ ಸೊಂಟದೆತ್ತರದ ಚೀಲ. ಮಾಲೀಕರು ಬಾಗಿಲು ತೆಗೆದು ಒಳಗೆ ಕಾಲಿಟ್ಟ ಗಳಿಗೆಗೇ ಚೀಲದ ಹೊಲಿಗೆ ಬಿಚ್ಚಿತು. ಒಂದು ಕಾಯಿ ಹೊರಗೆ ಬಿದ್ದು, ಯಾವ ಅವಸರವೂ ಇಲ್ಲದೆ ಉರುಳುತ್ತ ಹೋಗಿ, ಅವರ ಬೂಟಿನ ಮುಂದೆ ನಿಂತಿತು. ಮಾಲೀಕರು ಕಾಯಿಯನ್ನು ನೋಡಿದರು, ಪರಮಣ್ಣನನ್ನು ನೋಡಿದರು. "ಯಾವ ದೇವರಿಗೆ ಬಂದೀರಿ?" ಎಂದು ಕೇಳಿದರು.

ಪರಮಣ್ಣ ದೇವರಿಗೆ ಬಂದಿರಲಿಲ್ಲ, ಡ್ಯೂಟಿಗೆ ಬಂದಿದ್ದ. ಗೋವೆಯ ವೆರ್ಣಾದಲ್ಲಿ ಬಾಟ್ಲಿಗೆ ಎಣ್ಣೆ ತುಂಬುವ ಯಂತ್ರ ಮಾಡುವ ಕಾರ್ಖಾನೆಯೊಂದರಲ್ಲಿ ಅವನು ಫಿಟ್ಟರ್. ಹತ್ತು ವರ್ಷ ಪಾನಾ ಹಿಡಿದು ನಟ್ಟು ತಿರುವಿದ ಮೇಲೆ ಈ ವರ್ಷ ಅವನಿಗೆ ಟೂರಿನ ಕೆಲಸ ಸಿಕ್ಕಿತ್ತು. ಮಾರಿದ ಯಂತ್ರ ಎಲ್ಲಿದೆಯೋ ಅಲ್ಲಿಗೆ ಹೋಗಿ ಎರಡು ದಿನ ಇದ್ದು ರಿಪೇರಿ ಮಾಡಿ ಬರುವುದು. ಲಾಡ್ಜಿನಲ್ಲಿ ಒಬ್ಬನಿಗೇ ಒಂದು ಕೋಣೆ, ನಲ್ಲಿ ತಿರುವಿದರೆ ಬಿಸಿನೀರು, ಶರ್ಟಿನ ಮೇಲೆ ಹೆಸರಿನ ಬಿಲ್ಲೆ, ಎದುರಿಗೆ ಬಂದವರೆಲ್ಲ "ಬರ್ರಿ ಎಂಜಿನಿಯರ್ ಸಾಹೇಬ್ರ" ಅನ್ನುವುದು. ಈ ಸುಖವನ್ನು ಅವನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಕಳಕೊಳ್ಳುವುದಕ್ಕೆ ಮಾತ್ರ ಪ್ರಾಣ ಹೋದರೂ ತಯಾರಿರಲಿಲ್ಲ.

ಕಾಯಿಯ ಸುದ್ದಿ ಅವನಿಗಿಂತ ಮೊದಲೇ ವೆರ್ಣಾ ಮುಟ್ಟಿತ್ತು. ಮ್ಯಾನೇಜರು ಬೈಯಲಿಲ್ಲ, ಅದೇ ಕೆಟ್ಟದ್ದು. ಮುಂದಿನ ಸಲ ಹೆಗಲಿಗೊಂದು ಬ್ಯಾಗು, ಅಷ್ಟೇ. ಇನ್ನೊಂದು ಸಲ ಚೀಲ ಕಂಡರೆ ಟೂರಿಗೆ ಕುಬೇರ ಹೋಗುತ್ತಾನೆ ಎಂದು ಹಿಂದಿಯಲ್ಲಿ ತಣ್ಣಗೆ ಹೇಳಿದರು. ಕುಬೇರನೂ ಫಿಟ್ಟರೇ. ಫೋಂಡಾದಲ್ಲಿ ಒಬ್ಬನೇ ಒಂದು ರೂಮು ಮಾಡಿಕೊಂಡಿದ್ದ. ಅಕ್ಕಪಕ್ಕದವರ ಹೆಸರು ಕೂಡ ಅವನಿಗೆ ಗೊತ್ತಿರಲಿಲ್ಲ. ಅಂಥವನ ಪುಣ್ಯವನ್ನು ನೆನೆದು ಪರಮಣ್ಣನಿಗೆ ಹೊಟ್ಟೆ ಉರಿಯಿತು.

ಏಕೆಂದರೆ ಆ ಚೀಲದಲ್ಲಿ ಪರಮಣ್ಣನದು ಒಂದು ಕರವಸ್ತ್ರವೂ ಇರಲಿಲ್ಲ. ಅದು ಅವನಿರುವ ಝುವಾರಿನಗರದ ಚೀಲ. ಅವನ ಓಣಿಯಲ್ಲಿ ಇರುವವರೆಲ್ಲ ವಿಜಾಪುರ, ಬಾಗಲಕೋಟಿ, ಗದಗದ ಕಡೆಯವರು. ಒಬ್ಬರು ಆ ದಿಕ್ಕಿಗೆ ಹೊರಟರೆ ಓಣಿಯೇ ಹೊರಟಂತೆ. ಮಗಳಿಗೆ ಕಾಯಿ, ಅಣ್ಣನಿಗೆ ಸಾರಿಗೆ ಹಾಕುವ ಆಮಸೋಲು, ಮಾವನಿಗೆ ಮೊಣಕಾಲಿನ ಎಣ್ಣೆ, ರಿಪೇರಿಗೆಂದು ಊರಿಗೇ ಹೊರಟ ಒಂದು ಮಿಕ್ಸರು. ಆ ಕಡೆಯ ಸಂಬಂಧಿಕರು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತಿದ್ದರು. ಕಾಯಿ ಉರುಳಿದ ದಿನ ಅವರು ಬರುವುದು ತಡವಾಗಿ, ಚೀಲ ಆಫೀಸಿನ ತನಕ ಬಂದಿತ್ತು. ಅವನು ತಿರುಗಿ ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು ರೊಟ್ಟಿ, ಶೇಂಗಾ ಚಟ್ನಿ, ಜೋಳದ ಹಿಟ್ಟು ಹೇರುತ್ತಿದ್ದರು.

ಇದರ ಅನ್ಯಾಯ ನೋಡಿ. ಸ್ವಂತ ಸಾಮಾನಿನ ಮಟ್ಟಿಗೆ ಪರಮಣ್ಣನಷ್ಟು ಹಗುರವಾಗಿ ಓಡಾಡುವ ಮನುಷ್ಯ ಇಡೀ ಗೋವೆಯಲ್ಲಿ ಇದ್ದಿರಲಿಕ್ಕಿಲ್ಲ. ಮೊಬೈಲಿನಲ್ಲಿ ಯಾರೋ ಬಿಳಿಯ ಹುಡುಗ ಸಣ್ಣ ಬ್ಯಾಗಿನೊಳಗೆ ಹಿಡಿಸುವಂತೆ ಅಂಗಿ ಸುತ್ತುವುದನ್ನು ನೋಡಿ ನೋಡಿ ಅವನು ಆ ವಿದ್ಯೆಯಲ್ಲಿ ಗುರುವನ್ನೇ ಮೀರಿಸಿದ್ದ. ಒಂದು ಅಂಗಿ, ಒಂದು ಚಡ್ಡಿ, ಬನೀನು, ಪ್ಯಾಂಟು ಮೈಮೇಲಿನದೇ. ಟವೆಲ್ಲು ಲಾಡ್ಜಿನವರದು. ಹಲ್ಲುಜ್ಜುವ ಬ್ರಶ್ಶಿನ ಹಿಡಿಕೆಯನ್ನು ಅರ್ಧಕ್ಕೆ ಗರಗಸದಿಂದ ಕೊಯ್ದಿದ್ದ. ಪೇಸ್ಟನ್ನು ಗುಳಿಗೆಯ ಡಬ್ಬಿಗೆ ಇಳಿಸಿದ್ದ. ಯಂತ್ರದ ಪುಸ್ತಕದಲ್ಲಿ ತನಗೆ ಬಾಯಿಪಾಠವಾದ ಪುಟಗಳನ್ನು ಹರಿದು ಮನೆಯಲ್ಲಿಟ್ಟಿದ್ದ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಬ್ಯಾಗನ್ನಿಟ್ಟರೆ, ಪಾನಾಗಳೂ ಸೇರಿ, ಎರಡು ಕಿಲೋ ಏಳುನೂರು ಗ್ರಾಂ. ಅಂಗಡಿಯವನಿಗೆ ಮೂರು ಸಲ ತೋರಿಸಿದ್ದ.

ಸರಿ, ಬೇಡ ಅನ್ನಬಹುದಿತ್ತಲ್ಲ ಅನ್ನುತ್ತೀರಿ. ಅಂದು ನೋಡಿದ್ದ. ಎದುರು ಮನೆಯ ಸುಂದರವ್ವನ ಮುಂದೆಯೇ ಅಂದಿದ್ದ.

"ಯವ್ವಾ, ಚೀಲ ತರಬ್ಯಾಡ ಅಂದಾರ ನಮ್ಮ ಸಾಹೇಬ್ರು."

"ಅಯ್ಯ, ಅದಕ್ಯಾಕ ಚಿಂತಿ ಮಾಡ್ತಿ? ಇದರಾಗಿಂದ ನಾಕ ಕಾಯಿ ಅವರಿಗೂ ಕೊಡು. ಸುಮ್ಮನಾಗ್ತಾರ."

ಹನ್ನೊಂದು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಬಂದಿಳಿದಾಗ ಆರು ತಿಂಗಳು ಅವನಿಗೆ ತನ್ನ ಮನೆಯಲ್ಲಿ ಹಾಸಿಗೆ ಹಾಸಿ, ರೊಟ್ಟಿ ಬಡಿದು ಹಾಕಿದವಳು ಸುಂದರವ್ವ. ಅವಳೆದುರು 'ಒಲ್ಲೆ' ಅನ್ನುವ ಶಬ್ದ ಅವನ ಗಂಟಲಿನಿಂದ ಹೊರಡುತ್ತಲೇ ಇರಲಿಲ್ಲ. ಒಲ್ಲೆ ಅನ್ನಲಾಗದ ಮನುಷ್ಯನಿಗೆ ಒಂದೇ ದಾರಿ ಉಳಿಯುತ್ತದೆ ಎಂದು ಪರಮಣ್ಣ ಕಂಪನಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ತೀರ್ಮಾನಿಸಿದ. ಆ ಚೀಲ ಒಂದು ಸಲ ಕಳುವಾಗಬೇಕು. ಒಂದೇ ಸಲ. ದಾರಿಯಲ್ಲಿ ಸಾಮಾನು ಕಳಕೊಂಡವನ ಕೈಗೆ ಮತ್ತೆ ಯಾರು ತಾನೇ ಸಾಮಾನು ಕೊಟ್ಟಾರು?

ಗುರುವಾರದ ಟೂರು ನಿಕ್ಕಿಯಾದ ದಿನದಿಂದ ಅವನು ಬೇರೆಯೇ ಮನುಷ್ಯನಾದ. ಹೆಂಡತಿ ದ್ರಾಕ್ಷಾಯಿಣಿ ನಲ್ಲಿಯ ಹತ್ತಿರ "ನಮ್ಮವರು ಹುಬ್ಬಳ್ಳಿಗೆ ಹೊಂಟಾರ" ಎಂದು ಒಂದು ಮಾತು ಬಿಟ್ಟದ್ದೇ ತಡ, ಸಾಮಾನು ತುಂಬಿದ ಪಿಶವಿಗಳು ಬರತೊಡಗಿದವು. ಅವನು ಒಂದಕ್ಕೂ ಮುಖ ಗಂಟಿಕ್ಕಲಿಲ್ಲ. ಮಲಕಪ್ಪನಂತೂ ಒಂದು ಒಳಕಲ್ಲನ್ನೇ ಹೊತ್ತು ತಂದ. ಫೋಂಡಾದಲ್ಲಿ ಹಳೇ ಮನೆ ಕೆಡವುವ ಕೆಲಸಕ್ಕೆ ಹೋದಾಗ ಸಿಕ್ಕಿದ್ದಂತೆ.

"ತಂಗೀಗೆ ಒಯ್ಯೋ ಪರಮಣ್ಣ. ಸಣ್ಣದೈತಿ, ತೊಡಿ ಮ್ಯಾಲ ಇಟಗೊಂಡ್ರೂ ನಡೀತೈತಿ."

"ಕೊಡೋ ಮಲಕಪ್ಪ, ನಡೀತೈತಿ," ಎಂದು ಪರಮಣ್ಣ ನಕ್ಕ. ದ್ರಾಕ್ಷಾಯಿಣಿ ಗಂಡನ ಹಣೆ ಮುಟ್ಟಿ ನೋಡಿದಳು.

ಯೋಜನೆ ಹೀಗಿತ್ತು. ವಾಸ್ಕೋದಿಂದ ಮುಂಜಾನೆ ಹೊರಡುವ ಬಳ್ಳಾರಿ ಬಸ್ಸು. ಚೀಲ ಬಸ್ಸಿನ ಡಿಕ್ಕಿಯೊಳಗೆ ಹೋಗುತ್ತದೆ, ಹತ್ತು ಜನರ ಕಣ್ಣೆದುರು. ಪಿಶವಿಗಳ ಮೇಲೆ ಅಂಟಿಸಿದ ಹೆಸರು, ಫೋನ್ ನಂಬರಿನ ಚೀಟಿಗಳನ್ನೆಲ್ಲ ಅವನು ಮೊದಲೇ ಕಿತ್ತು, ಸಾಮಾನನ್ನು ಗುರುತಿಲ್ಲದ ಒಂದು ಗೊಬ್ಬರದ ಚೀಲಕ್ಕೆ ತುಂಬಿರುತ್ತಾನೆ. ಘಾಟು ಏರಿದ ಮೇಲೆ ಅನಮೋಡದಲ್ಲಿ ಬಸ್ಸು ಚಹಾಕ್ಕೆ ನಿಲ್ಲುತ್ತದೆ. ಸುತ್ತ ಕಾಡು, ಫೋನಿಗೆ ಸಿಗ್ನಲ್ಲಿಲ್ಲ. ಕಳವು ಅಲ್ಲಿ ಆಗುತ್ತದೆ, ಅಂದರೆ ಆಗುವುದಿಲ್ಲ. ಅಲ್ಲಿ ಅವನು ಮಾಡುವುದು ಒಂದು ಕಪ್ ಚಹಾ ಕುಡಿಯುವುದು ಮಾತ್ರ. ಸಿಗ್ನಲ್ಲು ಬಂದ ಕೂಡಲೇ ಹುಬ್ಬಳ್ಳಿಯಲ್ಲಿ ಕಾಯುವವರಿಗೆ ಫೋನು ಮಾಡಿ, ಅಳುವ ದನಿಯಲ್ಲಿ ಸುದ್ದಿ ಹೇಳಿ, ಮನೆಗೆ ಕಳಿಸುತ್ತಾನೆ. ಹುಬ್ಬಳ್ಳಿಯ ತನಕ ಹೋಗದೆ, ಧಾರವಾಡದಲ್ಲೇ ಬ್ಯಾಗು ಹಾಕಿಕೊಂಡು ಸುಮ್ಮನೆ ಇಳಿದುಬಿಡುತ್ತಾನೆ. ಚೀಲ ಬಳ್ಳಾರಿಗೆ ಹೋಗುತ್ತದೆ. ಅಲ್ಲಿ ಯಾರೋ ಪುಣ್ಯವಂತರು ಕಾಯಿ ಒಡೆಯುತ್ತಾರೆ, ಒಳಕಲ್ಲಿನಲ್ಲಿ ಚಟ್ನಿ ಅರೆಯುತ್ತಾರೆ. ಸಾಮಾನು ಹಾಳಾಗುವುದಿಲ್ಲವಲ್ಲ ಎಂದು ಪರಮಣ್ಣ ತನ್ನ ಆತ್ಮಸಾಕ್ಷಿಗೂ ಒಂದು ಟಿಕೇಟು ತೆಗೆದುಕೊಟ್ಟ.

ಇನ್ನು ಉಳಿದದ್ದು ಹೇಳಬೇಕಾದ ಕತೆ. ಮೊದಲು ಅವನು ಕಟ್ಟಿದ ಕತೆಯಲ್ಲಿ ಮೂವರು ಕಳ್ಳರಿದ್ದರು, ಒಬ್ಬನ ಕೈಯಲ್ಲಿ ಚಾಕು, ಕಾಡಿನಂಚಿನಲ್ಲಿ ಇಂಜಿನ್ನು ಬಂದ್ ಮಾಡದೆ ನಿಂತ ಒಂದು ಜೀಪು. ಭಾರೀ ಚೆನ್ನಾಗಿತ್ತು. ಆದರೆ ಪರಮಣ್ಣ ಪಳಗಿದ ಪ್ರವಾಸಿ. ಏನೇ ತುಂಬಿದರೂ ಒಮ್ಮೆ ಎಲ್ಲವನ್ನೂ ಹೊರಗೆ ಹರವಿ, ಬೇಡವಾದದ್ದನ್ನು ತೆಗೆದಿಡುವುದು ಅವನ ಪದ್ಧತಿ. ಹಾಗೇ ಮಾಡಿದ. ಚಾಕು ಇದ್ದರೆ ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ ಅನ್ನುತ್ತಾರೆ, ಚಾಕು ತೆಗೆದ. ಜೀಪು ಇದ್ದರೆ ನಂಬರು ಕೇಳುತ್ತಾರೆ, ಜೀಪು ತೆಗೆದ. ಮೂವರಿದ್ದರೆ ಮೂರು ಮುಖ, ಮೂರು ಅಂಗಿಯ ಬಣ್ಣ ನೆನಪಿಡಬೇಕು. ಇಬ್ಬರನ್ನು ಮನೆಗೆ ಕಳಿಸಿದ. ಕೊನೆಗೆ ಉಳಿದವನು ಒಬ್ಬನೇ ಕಳ್ಳ. ಮುಖಕ್ಕೆ ಟವೆಲ್ಲು. ಯಾರದೋ ಸಾಮಾನು ಇಳಿಸಲೆಂದು ಡಿಕ್ಕಿ ತೆಗೆದಾಗ ಚೀಲ ಎಳೆದುಕೊಂಡ, ಕಾಡು ಹೊಕ್ಕ, ಮಾಯವಾದ. ಇಷ್ಟೇ. ಹೆಗಲಿಗೆ ಹಾಕಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಸುಳ್ಳು. ಅದರ ಅಚ್ಚುಕಟ್ಟನ್ನು ನೋಡಿ ಅವನಿಗೇ ಅವನ ಮೇಲೆ ಅಭಿಮಾನ ಉಕ್ಕಿತು.

ಒಂದನ್ನು ಮಾತ್ರ ಅವನು ಬಿಡಲಿಲ್ಲ: ಬೆನ್ನಟ್ಟಿದ್ದು. ಕಳ್ಳ ಓಡುವಾಗ ಚಹಾದ ಕಪ್ಪು ಹಿಡಿದು ನಿಂತಿದ್ದೆ ಎಂದು ದ್ರಾಕ್ಷಾಯಿಣಿಯ ಮುಂದೆ ಹೇಳಲಾದೀತೇ? ಅದಕ್ಕಾಗಿ, ಬ್ಯಾಗಿಗೆ ಒಂದೇ ಒಂದು ಹೆಚ್ಚಿನ ವಸ್ತು ಸೇರಿತು. ಎರಡು ಬೆರಳಗಲದ ಮರಳು ಕಾಗದ. ಮೊಣಕಾಲು ತರಚಲು. ತಕ್ಕಡಿಯ ಮುಳ್ಳು ಅಲ್ಲಾಡಲೂ ಇಲ್ಲ.

ಗುರುವಾರ ಮುಂಜಾನೆ ಚೀಲ ಹೊರಟ ವೈಭವ ನೋಡುವಂತಿತ್ತು. ಮಲಕಪ್ಪ ಇನ್ನಿಬ್ಬರನ್ನು ಕರೆದುಕೊಂಡು ವಾಸ್ಕೋ ಸ್ಟ್ಯಾಂಡಿನ ತನಕ ಬಂದ. "ಹೂಂ, ಎತ್ತು! ಮಿಕ್ಸರ್ ಕಡೆ ಹಿಡಿ!" ಎಂದು ಕೂಗಾಡಿ ಡಿಕ್ಕಿಯೊಳಗೆ ನೂಕಿದರು. ಕಂಡಕ್ಟರ್ ಬೈದ. ಸುಂದರವ್ವನೂ ಬಂದಿದ್ದಳು, ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತು, ಚೀಲ ಜೋಪಾನ ಅಂದಳು. ಪರಮಣ್ಣ ಮನಸ್ಸಿನಲ್ಲೇ ಎಣಿಸಿಕೊಂಡ. ನಾಲ್ಕು ಸಾಕ್ಷಿ. ಚೀಲ ಬಸ್ಸು ಹತ್ತಿದ್ದು ಖರೆ ಎಂದು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುವವರು.

ಉಳಿದದ್ದು ಎಣ್ಣೆ ಹಾಕಿದ ಯಂತ್ರದ ಹಾಗೆ ನಡೆಯಿತು. ಅನಮೋಡದಲ್ಲಿ ಚಹಾ ಕುಡಿದ. ಬಸ್ಸಿನಲ್ಲಿ ಕುಳಿತು ಫೋನು ಮಾಡಿ ಅತ್ತ. ಪಕ್ಕದ ಸೀಟಿನವನು ಪಾಪ ಅಂದುಕೊಂಡು ಚಿಕ್ಕಿ ಕೊಟ್ಟ. ಧಾರವಾಡದಲ್ಲಿ ಇಳಿದು, ಬಳ್ಳಾರಿಯ ಕಡೆ ಹೊರಟ ಬಸ್ಸಿನ ಹಿಂಬದಿ ನೋಡಿ ಒಮ್ಮೆ ಉಸಿರು ಬಿಟ್ಟ. ಇನ್ನೊಂದು ಬಸ್ಸಿನಲ್ಲಿ ಹುಬ್ಬಳ್ಳಿ ಮುಟ್ಟಿ, ಎಣ್ಣೆ ಕಾರ್ಖಾನೆಯ ಆಫೀಸಿಗೆ ಹೆಗಲಬ್ಯಾಗಿನೊಂದಿಗೆ ಕಾಲಿಟ್ಟಾಗ ಮಾಲೀಕರು ಅವನ ಹಿಂದೆ ಮುಂದೆ ಬಗ್ಗಿ ನೋಡಿ, ಏನೂ ಕಾಣದೆ, ಕೈ ಕುಲುಕಿದರು. ಶುಕ್ರವಾರ ಸಂಜೆ ಮ್ಯಾನೇಜರರ ಫೋನು ಬಂತು: ಇನ್ನು ಮುಂದೆ ಹುಬ್ಬಳ್ಳಿ, ಬೆಳಗಾವಿ ಎರಡೂ ನಿನ್ನವೇ. ಲಾಡ್ಜಿನ ಬಚ್ಚಲಿನಲ್ಲಿ ಪರಮಣ್ಣ ಹಾಡು ಹೇಳಿಕೊಂಡು ಮೊಣಕಾಲಿಗೆ ಮರಳು ಕಾಗದ ತಿಕ್ಕಿದ. ಹಾಡು ನಡುವೆ ಎರಡು ಸಲ ನಿಂತಿತು.

ಶನಿವಾರ ಮಧ್ಯಾಹ್ನ ಅವನು ಝುವಾರಿನಗರಕ್ಕೆ ಕುಂಟುತ್ತ ಬಂದಾಗ ಓಣಿಯ ಅರ್ಧ ಜನ ಅವನ ಬಾಗಿಲಲ್ಲಿದ್ದರು. ಬ್ಯಾಗನ್ನೂ ಇಳಿಸದೆ, ಗೋಡೆಗೊರಗಿ ಕುಳಿತು, ಕತೆಯನ್ನು ಒಂದು ಮಾತು ಹೆಚ್ಚಿಲ್ಲದೆ ಒಂದು ಮಾತು ಕಡಿಮೆಯಿಲ್ಲದೆ ಹೇಳಿದ.

"ಕಳ್ಳ ಚೀಲಾ ಹೆಗಲ ಮ್ಯಾಲ ಹಾಕ್ಕೊಂಡಾಂವ್ನ ಗುಡ್ಡಾ ಏರಿ ಓಡಾಕತ್ತಿದ. ನಾನೂ ಬಿಡಲಿಲ್ಲ, ಕಿಲೋಮೀಟರ್ ಗಟ್ಟಲೆ ಬೆನ್ನ ಹತ್ತೇನಿ. ಬೇರ ತೊಡರಿ ಬಿದ್ದೆ. ಎದ್ದ ನೋಡ್ತೇನಿ, ಮನಿಶ್ಯಾನ ಇಲ್ಲ."

ಹೆಂಗಸರು ಲೊಚಗುಟ್ಟಿದರು. ಮಲಕಪ್ಪ ಅವನ ಬೆನ್ನು ಸವರಿ, "ಕಲ್ಲ ಹೋದ್ರ ಹೋಗ್ಲಿ ಬಿಡೋ, ನೀ ಉಳದಿ, ಅಷ್ಟ ಸಾಕು," ಎಂದ. ಆ ಗಳಿಗೆಯಲ್ಲಿ ಪರಮಣ್ಣನಿಗೆ ನಿಜಕ್ಕೂ ನಾಚಿಕೆಯಾಯಿತು. ಎಲ್ಲ ಹೇಳಿಬಿಡಲೇ ಅನ್ನಿಸಿತು. ಅಷ್ಟರಲ್ಲಿ ಸುಂದರವ್ವ ಅರಿಷಿಣದ ಬಟ್ಟಲು ಹಿಡಿದು ಬಂದು, ಅವನ ಮೊಣಕಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಓಣಿಗೆಲ್ಲ ಕೇಳುವಂತೆ ಹೇಳಿದಳು: "ಇನ್ನ ಮ್ಯಾಲ ಯಾರೂ ಈ ಹುಡುಗಗ ಸಾಮಾನ ಕೊಡಬ್ಯಾಡ್ರಿ. ನಮ್ಮ ನಾಕ ಕಾಯಿ ಸಲುವಾಗಿ ಜೀವಾ ಕಳಕೊಂತಿದ್ದ." ಎಲ್ಲರೂ ಹೌದು ಹೌದು ಅಂದರು. ಪರಮಣ್ಣನ ನಾಚಿಕೆ ಬಂದ ದಾರಿಯಲ್ಲೇ ಹೊರಟುಹೋಯಿತು. ಗೆದ್ದುಬಿಟ್ಟಿದ್ದ. ನಗು ಬರದಂತೆ ತಡೆಯಲು ಅವನು ಅರಿಷಿಣದ ಉರಿಯನ್ನು ನೆಪ ಮಾಡಿ ಹಲ್ಲು ಕಚ್ಚಿದ.

ಅರಿಷಿಣ ಹಚ್ಚಿ ಮುಗಿಸಿದ ಸುಂದರವ್ವ, ಆರಾಮಾಗಿ ಕೂಡಲಿ ಎಂದು ಅವನ ಹೆಗಲಿನ ಬ್ಯಾಗು ತೆಗೆದಳು. ಭಾರವಿದ್ದೀತೆಂದು ಎರಡೂ ಕೈ ಹಾಕಿದವಳಿಗೆ ಅದು ಒಂದೇ ಬೆರಳಿಗೆ ಮೇಲೆದ್ದು ಬಂತು. ಆಕೆ ಅದನ್ನು ಹಾಗೇ ಬೆರಳಿಗೆ ತೂಗುಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವ ದನಿಯಲ್ಲೇ ಕೇಳಿದಳು: "ಅಲ್ಲೋ ಪರಮಾ, ಆ ಚೀಲ ಬಸ್ಸಿಗೆ ಏರಸಾಕ ಮೂರು ಮಂದಿ ಗಂಡಸರು ಬೇಕಾದ್ರು. ಅಂಥಾದ್ದ ಹೊತಗೊಂಡು ಒಬ್ಬಾಂವ ಗುಡ್ಡಾ ಏರಿ ಓಡಿದ ಅಂತಿ. ನಿನ್ನ ಹೆಗಲ ಮ್ಯಾಲ ಇದಿಷ್ಟ ಇತ್ತು. ಮತ್ತ ಅಂವ ನಿನ್ನ ಕೈಗೆ ಯಾಕ ಸಿಗಲಿಲ್ಲ?"