ಒಂದೇ ಕೈಯಲ್ಲಿ ಎತ್ತಿದ ಕಂಬಳಿ

ಸವಳಂಗದ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ರಂಗನಾಥರ ಹೆಣ ಸಿಕ್ಕಿತು. ಯಾರೋ ಚೂರಿಯಿಂದ ಇರಿದಿದ್ದರು. ಈ ಸಲದ ಚುನಾವಣೆ ಟಿಕೆಟ್ ಅವರಿಗೇ ಎಂದು ಊರೆಲ್ಲ ಮಾತಾಡುತ್ತಿತ್ತು. ಹಿಂದಿನ ಸಂಜೆ ಹಿಡಿದ ಮಳೆ ಆಗಷ್ಟೇ ಬಿಟ್ಟಿತ್ತು. ಪಕ್ಕದಲ್ಲಿ ಒಂದು ಕರಿ ಕಂಬಳಿ. ಹೆಣ ಕಾಯುತ್ತ ರಂಗನಾಥರ ಬಲಗೈ ಬಂಟ ಕೆಂಚೇಶ್ ಒಬ್ಬನೇ ನಿಂತಿದ್ದ.

"ನಿನ್ನೆ ಸಂಜೆ ಮಳೇಲಿ ಕುರಿಗಾರ ಮೂಕಪ್ಪ ಕಂಬಳಿ ಹೊದ್ಕೊಂಡು ಓಡ್ತಿದ್ದ ಸಾರ್. ಬೆಳಿಗ್ಗೆ ಅಣ್ಣನ್ನ ಹುಡುಕ್ಕೊಂಡು ಬಂದ್ರೆ ಹಿಂಗೆ."

ಎಎಸ್‌ಐ ಷಣ್ಮುಖಪ್ಪ ಕಂಬಳಿ ಎತ್ತಿದರು, ಫೋಟೋ ಹೊಡೆದರು, ಮೂಕಪ್ಪನ ಕಂಬಳಿ ಎಂದು ಮಹಜರು ಬರೆದರು. ವಿಶೇಷ ತಂಡ ಬಂತು. ಕುರಿ ಹೊಲಕ್ಕೆ ನುಗ್ಗಿದ್ದಕ್ಕೆ ರಂಗನಾಥರು ಬೈದಿದ್ದರಂತೆ, ಅದೇ ದ್ವೇಷವಂತೆ. ಇಪ್ಪತ್ತೇ ದಿನಕ್ಕೆ ತನಿಖೆ ಮುಗಿಯಿತು. ಬಿಳಿಚೋಡಿನ ಮೂಕಪ್ಪ ಜೈಲು ಸೇರಿದ.

*

ಚನ್ನಗಿರಿಯಿಂದ ಜಗಳೂರಿನವರೆಗೆ ಒಂದು ಟೀ ಅಂಗಡಿಯೂ ಇದನ್ನು ನಂಬಲಿಲ್ಲ. ಷಣ್ಮುಖಪ್ಪನವರ ಅಡುಗೆಮನೆಯೂ ನಂಬಲಿಲ್ಲ. ಹೆಂಡತಿ ಭೀಮಕ್ಕ ಸೊಕ್ಕೆಯವರು, ಉಣ್ಣೆ ನೂತು ಬೆಳೆದವರು. ನಿವೃತ್ತಿಗೆ ನಾಲ್ಕು ತಿಂಗಳಿದ್ದ ಗಂಡ ಇಲಾಖೆಯ ಪರ ವಾದಿಸಿ ದಿನಾ ಸೋಲುತ್ತಿದ್ದರು.

ಸೋಮವಾರ ಕೋರ್ಟಿನಲ್ಲಿ ಅವರ ಸಾಕ್ಷಿ. ಅದು ಗಟ್ಟಿಯಾಗಿ ನಿಂತರೆ ಮೂಕಪ್ಪನ ಕಥೆ ಮುಗಿದಂತೆ. ಭಾನುವಾರ ಫೋನಿನಲ್ಲಿದ್ದ ಅವತ್ತಿನ ಫೋಟೋ ನೋಡುತ್ತ ಕೂತಿದ್ದರು. ಭೀಮಕ್ಕ ಟೀ ಕೊಡುತ್ತ ಬಗ್ಗಿದರು.

"ಹೊಸಾ ಕಂಬಳಿ ಐತಲ್ರೀ. ಹಲಗೆಯಂಗೆ ನಿಂತೈತೆ. ನೇಯುವಾಗ ಹಚ್ಚಿದ ಹುಣಸೆಬೀಜದ ಗಂಜಿ ಇನ್ನೂ ಹೋಗಿಲ್ಲ."

"ಅದಕ್ಕೇನೀಗ?"

"ರಾತ್ರಿಯೆಲ್ಲ ಮಳೇಲಿ ಬಿದ್ದಿದ್ರೆ ಗಂಜಿ ಲೋಳೆ ಆಗ್ತಿತ್ತು. ಎತ್ತಿದಾಗ ಎಷ್ಟು ಭಾರ ಇತ್ತು?"

ಷಣ್ಮುಖಪ್ಪನವರ ಲೋಟ ತುಟಿಯ ಹತ್ತಿರವೇ ನಿಂತಿತು. ಒಂದೇ ಕೈಯಲ್ಲಿ ಎತ್ತಿದ್ದರು. ಇನ್ನೊಂದರಲ್ಲಿ ಫೋನ್ ಇತ್ತು.

"ನೆಂದ ಕಂಬಳಿ ಎತ್ತಾಕೆ ಇಬ್ಬರು ಬೇಕ್ರೀ," ಎಂದರು ಭೀಮಕ್ಕ, ಮೆಲ್ಲಗೆ. "ಈ ಕೆಂಪಂಚು ನಮ್ಮೂರ ಅಜ್ಜಮ್ಮನ ನೇಯ್ಗೇದು. ಗಾಡಿ ತೆಗೀರಿ."

*

ಸೊಕ್ಕೆಯ ಅಜ್ಜಮ್ಮ ಫೋಟೋವನ್ನು ಕಣ್ಣ ಹತ್ತಿರ ಹಿಡಿದರು. "ನಂದೇ. ಕೆಂಪು ದಾರ ಸಾಲಲಿಲ್ಲ ಅಂತ ಈ ಮೂಲೆಗೆ ಹಸಿರು ಹಾಕಿದ್ದೆ."

"ಯಾರಿಗೆ ಮಾರಿದ್ರಿ?"

"ಮಾರಿಲ್ಲಪ್ಪ. ಕಂಬಳಿ ನೇಯೋ ಸಂಘದೋರು ಹೊದಿಸಿ ಸನ್ಮಾನ ಮಾಡಿದ್ವಿ."

ಗೋಡೆಯ ಮೇಲೆ ಸಮಾರಂಭದ ಫೋಟೋ. ಕೈ ಮುಗಿದು ನಿಂತ ಕೆಂಚೇಶ್. ಅವನ ಹೆಗಲ ಮೇಲೆ ಹಸಿರು ಮೂಲೆ.

*

"ನಾನು ಬರೆದ ಮಹಜರು ತಪ್ಪು ಸ್ವಾಮಿ," ಎಂದರು ಷಣ್ಮುಖಪ್ಪ ಕಟಕಟೆಯಲ್ಲಿ.

"ಕಂಬಳಿ ನೆಂದೇ ಇರಲಿಲ್ಲ. ಮಳೆ ನಿಂತ ಮೇಲೆ ಯಾರೋ ಇಟ್ಟಿದ್ದಾರೆ. ಆಗ ಅಲ್ಲಿದ್ದೋನು ಕೆಂಚೇಶ್ ಒಬ್ಬನೇ. ಕಂಬಳಿಯೂ ಅವಂದೇ." ಎರಡೂ ಫೋಟೋ ಮುಂದಿಟ್ಟರು.

ರಂಗನಾಥರ ನಂತರ ಟಿಕೆಟ್ ಗಿಟ್ಟಿಸಿದ್ದ ಕೆಂಚೇಶ್ ಮುಂದಿನ ಸಾಲಿನಲ್ಲಿದ್ದ. ಅವನ ಪಾಲಿಗೆ ಕಂಬಳಿ ಎಂದರೆ ವೇದಿಕೆಯ ಮೇಲೆ ಹೊದಿಸುವ ವಸ್ತು. ಮಳೆಯಲ್ಲಿ ಅದು ಏನಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಎದ್ದು ಹೊರಟವನನ್ನು ಪೊಲೀಸರು ಬಾಗಿಲಲ್ಲೇ ತಡೆದರು. ಸಂಜೆಯೊಳಗೆ ತಪ್ಪೊಪ್ಪಿಕೊಂಡ.

ಬಿಡುಗಡೆಯಾದ ಮೂಕಪ್ಪ ಭೀಮಕ್ಕನ ಕೈ ರೊಟ್ಟಿ ಉಣ್ಣಲು ಬಂದ. ಷಣ್ಮುಖಪ್ಪ ತಲೆ ತಗ್ಗಿಸಿಯೇ ಕೇಳಿದರು.

"ಅವತ್ತು ನಿನ್ನ ಕಂಬಳಿ ಎಲ್ಲಿತ್ತಪ್ಪ?"

"ಆಗತಾನೆ ಹುಟ್ಟಿದ ಮರಿಗೆ ಹೊದಿಸಿದ್ದೆ ಸಾರ್. ಅದಕ್ಕೇ ನಾನು ನೆನಕೊಂಡು ಓಡ್ತಿದ್ದೆ. ಯಾರೂ ಕೇಳಲಿಲ್ಲ."