ಪ್ರತಿ ಭಾನುವಾರ ಅರ್ಧ ಬೆರಳು

ಸಮಸ್ತರ ಗಮನಕ್ಕೆ! ಬೇಸಿಗೆಯ ಆರನೇ ಭಾನುವಾರ, ಸಂಜೆ ಐದೂಮುಕ್ಕಾಲಿಗೆ ಸರಿಯಾಗಿ, ಲೆಕ್ಕದ ಟೀಚರ್ ಕುರ್ಚಿಯಿಂದ ಎದ್ದರು.

ಒಬ್ಬರೇ ಎದ್ದರು. ಒಂದೇ ಸಲಕ್ಕೆ ಎದ್ದರು!

ಇದರಲ್ಲೇನು ಮಹಾ ಎನ್ನುವವರಿಗೆ ಇನ್ನೂ ಅರವತ್ತೆಂಟು ವರ್ಷದ ಮಂಡಿ ಬಂದಿಲ್ಲ, ಅಷ್ಟೇ. ಈ ಪವಾಡ ಅರ್ಥವಾಗಬೇಕಾದರೆ ಮೊದಲ ಭಾನುವಾರಕ್ಕೆ ಹೋಗಬೇಕು.

ಕಟ್ಟಡದ ಹಿಂದಿನ ಅಂಗಳದಲ್ಲೊಂದು ದೊಡ್ಡ ಮರ. ಬೇಸಿಗೆಯ ಭಾನುವಾರಗಳಂದು ಎಲ್ಲ ಮನೆಯವರೂ ಅದರ ನೆರಳಿಗೆ ಸೇರುತ್ತಿದ್ದರು. ಹರಟೆ, ಹಾಡು, ತಣ್ಣನೆ ಹಣ್ಣಿನ ರಸ. ಹೋದ ವರ್ಷ ಟೀಚರ್ ಅದನ್ನೆಲ್ಲ ನಿಂತೇ ಕಳೆದಿದ್ದರು. "ನನಗೆ ಮರ ನೋಡೋದು ಇಷ್ಟಪ್ಪಾ" ಎನ್ನುತ್ತಾ ಒಂದೇ ಮರವನ್ನು ಎರಡು ತಿಂಗಳು ನೋಡಿದ್ದರು! ಕೂತರೆ ಏಳುವುದು ಹೇಗೆ? ಮೂವತ್ತನಾಲ್ಕು ವರ್ಷ ಲೆಕ್ಕ ಕಲಿಸಿದವರಿಗೂ ಈ ಒಂದು ಲೆಕ್ಕ ಬಿಡಿಸಲಾಗಿರಲಿಲ್ಲ.

ಈ ಸಲ ಸೊಸೆ ಬಿಡಲಿಲ್ಲ. ಕೈಹಿಡಿ ಇರುವ ಮರದ ಕುರ್ಚಿಯೊಂದರಲ್ಲಿ ಕೂರಿಸಿಯೇಬಿಟ್ಟಳು.

ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ ಎಂದಿದ್ದರು ಡಾಕ್ಟರು. ಟೀಚರ್ ಏಳಲು ನೋಡಿದರು. ಆಗಲಿಲ್ಲ. ಎರಡು ಸಲ... ಮೂರು ಸಲ... ನಾಲ್ಕು ಸಲ...

"ಯಾರ್ರೀ ಇದನ್ನ ಮಾಡಿದ್ದು? ಇದು ಕುರ್ಚಿನಾ, ಬಾವಿನಾ?"

"ನಾನೇ ಮಾಡಿದ್ದು" ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದರು. ಕಿವಿಯ ಮೇಲೊಂದು ಚಪ್ಪಟೆ ಪೆನ್ಸಿಲು, ಅಂಗಿಯ ತೋಳಿನ ಮೇಲೆ ಮರದ ಹೊಟ್ಟು. ಪಕ್ಕದ ಓಣಿಯ ಮರಗೆಲಸದ ಮೇಸ್ತ್ರಿ! ಹೆಂಡತಿ ಹೋದ ಮೇಲೆ ಹತ್ತು ವರ್ಷದಿಂದ ಮರದ ಜೊತೆಗೇ ಹೆಚ್ಚು ಮಾತಾಡುವ ಮನುಷ್ಯ.

"ಬಾವಿ ಅಂದ್ಮೇಲೆ ಹಗ್ಗ ಬೇಕಲ್ಲ..." ಎನ್ನುತ್ತಾ ಕೈ ಚಾಚಿದರು.

ಸುತ್ತಲಿದ್ದವರು ಗೊಳ್ಳನೆ ನಕ್ಕರು.

"ನಿಮ್ಮ ಹಗ್ಗ ನೀವೇ ಇಟ್ಕೊಳ್ಳಿ!"

ಐದನೇ ಸಲಕ್ಕೆ, ಸೊಸೆಯ ಹೆಗಲು ಹಿಡಿದು ಎದ್ದರು. ಮನೆಗೆ ಬಂದವರೇ ತೀರ್ಪು ಕೊಟ್ಟರು.

"ಇನ್ನೊಂದು ಸಲ ನನ್ನನ್ನ ಯಾರಾದ್ರೂ ಎತ್ತಬೇಕಾಗಿ ಬಂತೋ, ಅಂಗಳದ ಸಹವಾಸ ಅವತ್ತಿಗೇ ಮುಗೀತು. ಬಾಲ್ಕನಿಲಿ ಕೂತು ನಿಮ್ಮ ಹಾಡು ಕೇಳಿಸ್ಕೋತೀನಿ."

"ಹಾಗನ್ಬೇಡಿ ಅತ್ತೆ..."

"ಲೆಕ್ಕ ಅಂದ್ರೆ ಲೆಕ್ಕ."

ಆದರೆ ಎರಡನೇ ಭಾನುವಾರ ಅದೇ ಕುರ್ಚಿಯಿಂದ ನಾಲ್ಕನೇ ಸಲಕ್ಕೆ ಒಬ್ಬರೇ ಎದ್ದರು! ಮುಂದಿನ ವಾರ ಮೂರಕ್ಕೆ. ಅದರ ಮುಂದಿನ ವಾರವೂ ಮೂರಕ್ಕೆ. ಐದನೇ ವಾರ ಎರಡಕ್ಕೆ. ಆರನೆಯದನ್ನು ಆಗಲೇ ಘೋಷಿಸಿಯಾಗಿದೆ.

ಕೀರ್ತಿಯೆಲ್ಲ ಹೊಸ ಎಣ್ಣೆಗೆ ಸಂದಿತು. ಬೆಳಗ್ಗೆ ಬಿಸಿನೀರಿನ ಶಾಖ, ಆಮೇಲೆ ಎಣ್ಣೆ! ಟೀಚರ್ ಅದನ್ನು ಅಕ್ಕಪಕ್ಕದವರಿಗೂ ಸೀಸೆ ಸೀಸೆ ಹಂಚಿದರು. ಅವರ ಮಂಡಿಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಶ್ರದ್ಧೆ ಸಾಲದು" ಎಂದರು ಟೀಚರ್.

ಆ ಆರನೇ ಭಾನುವಾರ ಗೆದ್ದ ಹುಮ್ಮಸ್ಸು ತಲೆಗೇರಿತ್ತು. "ಇನ್ನು ನನಗೆ ಯಾವ ಕುರ್ಚಿ ಆದ್ರೇನು!" ಎನ್ನುತ್ತಾ ಪಕ್ಕದ ಕುರ್ಚಿಗೆ ಹೊರಟರು.

"ಅದರಲ್ಲಿ ಬೇಡ ಟೀಚರ್!" ಮೇಸ್ತ್ರಿ ಕೂಗಿದರು.

ತಡವಾಗಿತ್ತು. ಕೂತರು. ಮತ್ತೆ ಏಳಲಿಲ್ಲ! ಇಬ್ಬರು ಹಿಡಿದು ಎತ್ತಬೇಕಾಯಿತು.

ಸೊಸೆಗೆ ಏನೋ ಹೊಳೆಯಿತು. ಅತ್ತೆಯ ಕುರ್ಚಿಯನ್ನು ಮಗುಚಿ ನೋಡಿದಳು. ಒಂದೊಂದು ಕಾಲಿನ ಕೆಳಗೂ ಅಂಟಿಸಿದ ಐದೈದು ಮರದ ಬಿಲ್ಲೆಗಳು, ಒಂದರ ಮೇಲೊಂದು. ಬಿಲ್ಲೆಯ ಅಂಚಿನಲ್ಲಿ ಪೆನ್ಸಿಲಿನ ಅಂಕಿ. ಐದು, ನಾಲ್ಕು, ಮೂರು, ಮೂರು, ಎರಡು.

"ಏನ್ರೀ ಇದು?" ಟೀಚರ್ ಮೇಸ್ತ್ರಿಯತ್ತ ತಿರುಗಿದರು.

"ವಾರಕ್ಕೆ ಅರ್ಧ ಬೆರಳು ಎತ್ತರ ಮಾಡ್ದೆ... ಎಷ್ಟನೇ ಸಲಕ್ಕೆ ಎದ್ರಿ ಅಂತ ಬರ್ಕೊಂಡೆ."

"ಮಂಡಿ ವಾಸಿಯಾಯ್ತು ಅಂತ ಊರಿಗೆಲ್ಲ ಎಣ್ಣೆ ಹಂಚಿದೀನಿ ನಾನು! ನೀವು ಹಿಂದೆ ನಿಂತು ಎಣಿಸ್ತಿದ್ರಾ? ನಗೋಕೆ?"

"ನಗೋಕಲ್ಲ ಟೀಚರ್... ನಿಮ್ಮನ್ನ ಕೇಳಿದ್ರೆ 'ಚೆನ್ನಾಗಿದೀನಿ' ಅಂತೀರಿ. ಅದಕ್ಕೇ ಕುರ್ಚಿನ ಕೇಳ್ದೆ."

ಟೀಚರ್ ಹೊರಟುಹೋದರು.

ಏಳನೇ ಭಾನುವಾರ ಟೀಚರ್ ಬಾಲ್ಕನಿಯಲ್ಲಿದ್ದರು. ಕೆಳಗಿನ ಹಾಡು ಮೇಲೆ ಬರುವಷ್ಟರಲ್ಲಿ ಅರ್ಧ ಸೋರಿಹೋಗುತ್ತಿತ್ತು.

ಸೊಸೆ ಒಂದು ಬಿಲ್ಲೆಯನ್ನು ಕಿತ್ತು ತಂದು ಮೇಜಿನ ಮೇಲಿಟ್ಟಿದ್ದಳು. ಬೇಡವೆಂದರೂ ಕೈ ಅತ್ತ ಹೋಯಿತು. ರೇಷ್ಮೆಯಂಥ ನುಣುಪು! ಕುರ್ಚಿಯ ಕಾಲಡಿ ಯಾರು ನೋಡುತ್ತಾರೆಂದು ಇಷ್ಟು ಉಜ್ಜಿದ್ದು?

'ಡಾಕ್ಟರು ನನ್ನ ನೋವನ್ನ ಎಕ್ಸ್‌ರೇಲಿ ನೋಡಿದ್ರು. ಮಗ ಮಾತ್ರೆ ಚೀಟಿಲಿ ನೋಡಿದ. ಯಜಮಾನ್ರು ತೀರಿಕೊಂಡ ಮೇಲೆ ಅರ್ಧರ್ಧ ಬೆರಳಲ್ಲಿ ಅಳೆದು ನೋಡಿದವರು... ಯಾರಿದ್ದಾರೆ? ನನ್ನ ಅಭಿಮಾನ ಮುಕ್ಕಾಗದ ಹಾಗೆ, ನೆಲವನ್ನೇ ಕೆಳಗಿಳಿಸಿದ್ರಲ್ಲ ಈ ಮನುಷ್ಯ!'

ಟೀಚರ್ ಆ ಪುಟ್ಟ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೋದ ವರ್ಷ ಮರವನ್ನು ನೋಡಿದ್ದು ನಾಟಕ. ಇದು ಅಲ್ಲ.

ಕೊನೆಯ ಭಾನುವಾರ ಕೆಳಗಿನಿಂದ ಗಲಾಟೆ ಕೇಳಿಸಿತು.

"ಅತ್ತೆ, ಬೇಗ ಬನ್ನಿ! ಮೇಸ್ತ್ರಿಗಳು ಸಿಕ್ಕಿಹಾಕ್ಕೊಂಡಿದಾರೆ!"

ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಳಿದು ಬಂದರು. ಅಂಗಳಕ್ಕೆ ಹೋಗುವ ಕಿರಿದಾದ ದಾರಿಯ ತಿರುವಿನಲ್ಲಿ ಹೊಚ್ಚ ಹೊಸ ಬೆಂಚೊಂದು ಅತ್ತಲೂ ಹೋಗದೆ ಇತ್ತಲೂ ಬರದೆ ಕೂತಿತ್ತು. ನೆಟ್ಟಗೆ ನಿಲ್ಲಿಸೋಣವೆಂದರೆ ತಲೆಯ ಮೇಲೆ ಮೆಟ್ಟಿಲು. ಅದರಾಚೆಗೆ ಅಂಗಳದವರೆಲ್ಲ ಕತ್ತು ಚಾಚಿ ನಿಂತಿದ್ದರು. ಈಚೆಗೆ ಬೆವರಿಳಿಸುತ್ತಾ ಮೇಸ್ತ್ರಿ.

"ಇದೇನು?"

"ಇಬ್ಬರು ಕೂರೋ ಬೆಂಚು. ಈ ಕಡೆ ನಿಮ್ಮ ಮಂಡಿಗೆ ಎತ್ತರ. ಆ ಕಡೆ ನನ್ನ ಸೊಂಟಕ್ಕೆ ನೆಟ್ಟಗೆ ಬೆನ್ನಹಲಗೆ. ಮರದ ಕೆಳಗೆ ಹಾಕಿ, ಎಲ್ಲರ ಮುಂದೆ ನಿಮ್ಮನ್ನ ಒಂದು ಮಾತು ಕೇಳೋಣ ಅಂತ..."

"ನನ್ನ ಮಂಡಿ ಅರ್ಧ ಬೆರಳಿಗೆ ಅಳೆದವರು ದಾರಿ ಅಳೀಲಿಲ್ವಾ?"

"ಬಾಗಿಲು ಎರಡೆರಡು ಸಲ ಅಳೆದೆ ಟೀಚರ್... ತಿರುವು ಮರೆತೆ." ಮೇಸ್ತ್ರಿ ತಲೆತಗ್ಗಿಸಿದರು. "ಗರಗಸ ತರ್ತೀನಿ. ಎರಡು ತುಂಡು ಮಾಡಿದ್ರೆ ಒಳಗೆ ಹೋಗುತ್ತೆ."

"ಆಗ ಎರಡು ಕುರ್ಚಿ ಆಗುತ್ತೆ."

"...ಹೌದು."

"ಬೇಡ. ಕೊಯ್ಬೇಡಿ."

ಟೀಚರ್ ಎತ್ತರದ ಕಡೆ ಕೂತರು. ಮೇಸ್ತ್ರಿ ಮೆಲ್ಲಗೆ ಪಕ್ಕದಲ್ಲಿ ಕೂತರು. ದಾರಿಯಲ್ಲಿ ತಂಪು ಗಾಳಿ ಬೀಸುತ್ತಿತ್ತು. ಅಂಗಳದವರು ತಾವಾಗಿಯೇ ಹಿಂದೆ ಸರಿದು ಹಾಡು ಶುರುಮಾಡಿದರು.

"ಏನೋ ಕೇಳ್ಬೇಕು ಅಂದ್ರಿ?"

"ಬೇಸಿಗೆ ಮುಗಿದ ಮೇಲೂ... ಹೀಗೇ ಪಕ್ಕದಲ್ಲಿ ಕೂರಬಹುದಾ ಅಂತ."

"ಬೇಸಿಗೆ ಮುಗಿದ್ರೆ ಮಂಡಿನೋವು ಮುಗಿಯುತ್ತೇನ್ರೀ?" ಟೀಚರ್ ಕಣ್ಣಂಚು ಒದ್ದೆಯಾಗಿತ್ತು. "ಕೂರೋಣ. ಬೆಂಚಂತೂ ಇಲ್ಲಿಂದ ಕದಲಲ್ಲ."

ಅರ್ಧ ಗಂಟೆಯಾಯಿತು. ಡಾಕ್ಟರ ಮಾತಿನಂತೆ ಟೀಚರ್ ಎದ್ದರು. ಒಂದೇ ಸಲಕ್ಕೆ!

ಮೇಸ್ತ್ರಿಯೂ ಏಳಲು ನೋಡಿದರು. ಬೆಂಚು ಹೊತ್ತ ಸೊಂಟ ಹಿಡಿದುಕೊಂಡಿತ್ತು. ಒಂದು ಸಲ... ಎರಡು ಸಲ...

ಟೀಚರ್ ಕೈ ಚಾಚಿದರು.

"ಹಗ್ಗ ಬೇಕಾ?"

"ಬೇಕು" ಎಂದರು ಮೇಸ್ತ್ರಿ. "ಆದ್ರೆ ಎದ್ದ ಮೇಲೂ ಬಿಡಬಾರ್ದು."