ಮೂರೂವರೆ ಮೊಳದ ದಾರ

"ನಾ ಇನ್ನಾ ಹೊಸ್ತಿಲಾ ದಾಟಿಲ್ಲ, ಅಷ್ಟರಾಗ ನೆಲಾ ಕೀಳಾಕ ಹತ್ತಿಯಲ್ಲೋ! ಮಾನ ಮರ್ಯಾದಿ ಐತೇನು ನಿನಗ?"

ಚನ್ನಬಸಮ್ಮನ ಕೂಗಿಗೆ ಟ್ರೇಲರ್ ಮನೆಯ ತಗಡಿನ ಗೋಡೆ ಗುಂಯ್ ಎಂದಿತು. ಮಂಡಿಯೂರಿ ಕುಳಿತಿದ್ದ ಗಣಪತಿ ತಲೆ ಎತ್ತಲಿಲ್ಲ. ಹಾರೆ ತೂರಿಸಿ ಇನ್ನೊಂದು ಹಲಗೆ ಮೀಟಿದ.

"ಸಹಿ ಹಾಕಾಯ್ತಲ್ಲ ಅಮ್ಮ, ಮನೆ ಈಗ ನಂದು. ನಿಮ್ಮ ಫ್ಲೈಟ್ ತಪ್ಪುತ್ತೆ, ಹೊರಡಿ."

ಗಂಡ ಸತ್ತ ಮೇಲೆ ಪರದೇಶದ ಈ ಸಮರ್‌ಸೆಟ್ ಬಿಟ್ಟು ಧಾರವಾಡಕ್ಕೆ ಹೊರಟು ನಿಂತ ಹೆಂಗಸು ಅವಳು. ನೆಲವೆಲ್ಲ ಕೊಳೆತಿದೆ, ಟೌನ್‌ಶಿಪ್ ಕಚೇರಿಯವರು ನೋಡಿದರೆ ಎಳೆದು ಬಿಸಾಡುತ್ತಾರೆ ಎಂದು ಹೆದರಿಸಿ, ವಿಮಾನದ ಟಿಕೇಟಿನಷ್ಟಕ್ಕೇ ಗಣಪತಿ ಈ ಟ್ರೇಲರನ್ನು ಬರೆಸಿಕೊಂಡಿದ್ದ. ಕೊಳೆತದ್ದು ಒಂದು ಮೂಲೆ ಮಾತ್ರ. ನಕ್ಷೆ ಬರೆಯುವ ಕೆಲಸ ಹೋದ ಮೇಲೆ ಅವನು ಹಿಡಿದ ಹೊಸ ಕಸುಬು ಇದು. ಕಷ್ಟದಲ್ಲಿರುವವರ ಹಳೆಯ ಟ್ರೇಲರ್ ಕೊಳ್ಳುವುದು, ಅದರಲ್ಲೇ ಹೆಂಡತಿಯೊಂದಿಗೆ ಇದ್ದು ರಿಪೇರಿ ಮಾಡುವುದು, ಬಣ್ಣ ಬಳಿದು ಮಾರುವುದು.

"ಒಲಿ ಮುಂದಿನ ಹಲಗಿ ಮುಟ್ಟಬ್ಯಾಡ ತಮ್ಮಾ." ಚನ್ನಬಸಮ್ಮನ ದನಿ ಥಟ್ಟನೆ ಇಳಿಯಿತು.

ಗಣಪತಿ ಬೇಕೆಂದೇ ಅದನ್ನೇ ಕಿತ್ತ. ಅಡಿಯಲ್ಲಿ ಅರಿಶಿನದ ದಾರದ ಸುರುಳಿ ಇತ್ತು. ಮೈತುಂಬ ಗಂಟುಗಳು. ಬಹಳ ದಿನ ಹಾಸಿಗೆ ಹಿಡಿದವನ ದಿಂಬಿನ ವಾಸನೆ ಕೋಣೆಯನ್ನು ತುಂಬಿತು.

"ಅದು ನನ್ನ ಗಂಡನ ಅಳತಿ. ಅಂಗಾಲಿಂದ ನೆತ್ತಿ ಮಟಾ. ಮನಿ ಬಿಟ್ಟು ಓಡಿ ಓಡಿ ಹೋಗತಿದ್ದ. ಊರಿಂದ ದಾರ ಮಂತ್ರಿಸಿ ತರಿಸಿದೆ, ಅಳತಿ ಹಿಡದು ಗಂಟು ಹಾಕಿದೆ. ಮನಿ ಅವನ್ನ ಹಿಡಕೊಂತು. ಬಿಚ್ಚೂದು ಹೆಂಡತಿ ಕೈಲೆ ಅಷ್ಟ ಆಗೂದು. ಅತ್ತಾ, ಕಾಲು ಹಿಡದಾ. ನಾ ಬಿಚ್ಚಲಿಲ್ಲ." ಇಷ್ಟನ್ನೂ ಅವಳು ಹೇಳಿದ್ದು ಗಣಪತಿಗಲ್ಲ, ಮೂಲೆಯಲ್ಲಿ ನಿಂತಿದ್ದ ಅವನ ಹೆಂಡತಿ ರಮಾಮಣಿಗೆ.

ಗಣಪತಿ ಹೊಟ್ಟೆ ಹಿಡಿದು ನಕ್ಕ. ಎದ್ದು ನಿಂತು, ದಾರದ ತುದಿಯನ್ನು ಹಿಮ್ಮಡಿಯಲ್ಲಿ ತುಳಿದು, ನೆತ್ತಿಗೆ ಎಳೆದುಕೊಂಡ. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ.

"ನೋಡೇ ರಮಾ, ನನಗೇ ಅಳತೆ ತಗೊಂಡ ಹಾಗಿದೆ! ಅಮ್ಮಾ, ಹೊಲಿಗೆ ಕೂಲಿ ಎಷ್ಟು?"

ಚನ್ನಬಸಮ್ಮನ ಮುಖ ಬಿಳಿಚಿತು. "ತಂಗೀ..." ಎಂದಳು. ಪೆಟ್ಟಿಗೆ ಎತ್ತಿಕೊಂಡು ಕಾರಿನತ್ತ ನಡೆದುಬಿಟ್ಟಳು.

ರಮಾಮಣಿ ಪ್ರತಿ ಟ್ರೇಲರಿನಲ್ಲೂ ಹಾಲು ಉಕ್ಕಿಸಿದ್ದಳು, ಕಿಟಕಿಗೆ ಪರದೆ ಹೊಲಿದಿದ್ದಳು. ಪರದೆ ಒಗೆತಕ್ಕೆ ಬರುವ ಮೊದಲೇ ಗಂಡ ಮನೆ ಮಾರುತ್ತಿದ್ದ. ಈ ಸಲ ಮಾತ್ರ ಮಾತು ಕೊಟ್ಟಿದ್ದ: "ಸಮರ್‌ಸೆಟ್‌ನದ್ದು ನಮಗೇ ಇರಲಿ ಬಿಡು." ಅವಳು ಅದನ್ನೇ ನೆಚ್ಚಿಕೊಂಡಿದ್ದಳು.

"ಆ ದಾರ ಹೊಳೆಗೆ ಬಿಟ್ಟು ಬನ್ನಿ, ರೀ."

"ಪೆಟ್ರೋಲಿಗೆ ಮೈಲಿಯುದ್ದ ಕ್ಯೂ ಇದೆ. ದಾರ ಬಿಡೋಕೆ ಡ್ರೈವ್ ಮಾಡ್ಲಾ?" ಗೆರೆ ಹಾಕಲು ಅವನು ದಾರಕ್ಕೆ ನೀಲಿ ಪುಡಿ ಬಳಿದ. ಹಲಗೆಯ ಮೇಲೆ ಬಿಗಿಯಾಗಿ ಎಳೆದು ಚಿಮ್ಮಿದ. ಟಪ್! ನೇರ ನೀಲಿ ಗೆರೆ ಬಿತ್ತು. ಆ ಗೆರೆಯ ಮೇಲೇ ಕೊಯ್ದು, ಗೋಡೆಗೆ, ನೆಲಕ್ಕೆ ಹಲಗೆ ಬಡಿದ.

ಹಲಗೆಗಳು ಹೊಂದಲಿಲ್ಲ. ಇಂದು ಸರಿಯಾಗಿ ಕೊಯ್ದದ್ದು ನಾಳೆ ಒಂದು ಬೆರಳು ಉದ್ದ. ತೇವಕ್ಕೆ ಮರ ಉಬ್ಬುತ್ತದೆ ಎಂದು ಬೈದುಕೊಂಡು ಮತ್ತೆ ಕೊಯ್ಯುತ್ತಿದ್ದ. ಮಂಚ ಗೋಡೆಗೆ ತಾಗಿತು. ಮಲಗಿದರೆ ಚಾವಣಿಯ ಒದ್ದೆ ವಾಸನೆ ಮೂಗಿನ ತುದಿಗೆ ಬರುತ್ತಿತ್ತು. ಗೋಡೆಯೊಳಗೆ ಯಾರೋ ಹಲ್ಲು ಕಡಿದಂತೆ ಮೊಳೆಗಳು ಕಿರುಗುಟ್ಟುತ್ತಿದ್ದವು. ಹೊರಗೆ ಹೋಗುವುದನ್ನು ಬಿಟ್ಟ. ಮೊದಲು ಹಿಮದ ನೆಪ, ಆಮೇಲೆ ಸೊಂಟನೋವಿನ ನೆಪ. ನಿಜವೆಂದರೆ, ಬಾಗಿಲ ಬಳಿ ಬಂದರೆ ಅವನ ಕಾಲು ಏಳುತ್ತಿರಲಿಲ್ಲ.

ರಮಾಮಣಿ ಹಿಮದಲ್ಲಿ ನಿಂತು ಹೊರಗಿನಿಂದ ನೋಡಿದಳು. ಟ್ರೇಲರ್ ಇದ್ದಷ್ಟೇ ಇತ್ತು. ಅವಳಿಗೆ ಬಾಗಿಲೂ ಬಾಗಿಲಿನಷ್ಟೇ ಇತ್ತು.

ಒಂದು ಮಧ್ಯಾಹ್ನ ಅವನು ಪರದೆಗಳನ್ನು ಕಿತ್ತು ರಾಶಿ ಹಾಕಿದ.

"ಯಾಕ್ರೀ ಅದು?"

"ಕೊಳ್ಳೋರು ಬರ್ತಿದಾರೆ. ಒಳ್ಳೆ ರೇಟು."

"ಇದು ನಮಗೆ ಅಂದಿದ್ರಿ."

"ತಗಡಿನ ಡಬ್ಬಕ್ಕೆ ಅಳ್ತೀಯಲ್ಲೇ! ಇಂಥ ಹತ್ತು ತರ್ತೀನಿ."

"ಹತ್ತರಲ್ಲೂ ನಾನು ಹಾಲು ಉಕ್ಕಿಸ್ಲಾ?"

ಮೆಟ್ಟಿಲ ಹಿಮ ಕೆರೆಯಲು ಅವನು ಹಟದಿಂದ ಬಾಗಿಲಿಗೆ ಹೋದ. ಭುಜ ಸಿಕ್ಕಿಕೊಂಡಿತು. ಓರೆಯಾಗಿ ನುಗ್ಗಿದ. ಎದೆ ಸಿಕ್ಕಿತು. ಹಿಂದಕ್ಕೆ ಜಿಗಿದ. ಬೆನ್ನಿಗೆ ಗೋಡೆ. ಇಷ್ಟು ಹತ್ತಿರ ಗೋಡೆ ಇರಲಿಲ್ಲ. ಚಾವಣಿ ಇಳಿಯಿತು. ಕುಕ್ಕರಿಸಿದ. ಇನ್ನೂ ಇಳಿಯಿತು. ಅಂಗಾತ ಬಿದ್ದ. ಅಂಗಾಲಿಗೆ ಹಲಗೆ. ನೆತ್ತಿಗೆ ಹಲಗೆ. ಅರಿಶಿನದ ಘಾಟು. ಉಸಿರಿಲ್ಲ.

"ರಮಾ! ದಾರ! ಬಿಚ್ಚೇ! ನಿನ್ನ ದಮ್ಮಯ್ಯ!"

ರಮಾಮಣಿ ಅವನ ಪಕ್ಕದಲ್ಲೇ ನೆಟ್ಟಗೆ ನಿಂತಿದ್ದಳು. ಅವಳ ತಲೆಗೆ ಚಾವಣಿ ತಾಗಿರಲಿಲ್ಲ. ದಾರ ಎತ್ತಿ, ಮೊದಲ ಗಂಟಿಗೆ ಉಗುರು ಹಾಕಿದಳು. ಬೆಣ್ಣೆಯ ಹಾಗೆ ಬಿಚ್ಚಿಕೊಂಡಿತು. ಗೋಡೆ ಒಂದು ಗೇಣು ಸರಿಯಿತು. ಗಣಪತಿ ಎದೆತುಂಬ ಉಸಿರೆಳೆದ. ಆ ಉಸಿರಲ್ಲೇ ಸಿಡುಕಿದ:

"ಬೇಗ ಬಿಚ್ಚೇ ದರಿದ್ರದವಳೇ, ಕೊಳ್ಳೋರು ಬರೋ ಹೊತ್ತಾಯ್ತು!"

ಅವಳ ಬೆರಳು ನಿಂತಿತು.

ಕಿತ್ತುಹಾಕಿದ ಪರದೆಗಳನ್ನು ನೋಡಿದಳು. ಗಂಡನನ್ನು ನೋಡಿದಳು. ಬಿಚ್ಚಿದ ಗಂಟನ್ನು ಮತ್ತೆ ಹಾಕಿ, ಹಲ್ಲಿನಿಂದ ಕಚ್ಚಿ ಎಳೆದು ಬಿಗಿದಳು. ದಾರವನ್ನು ಅವನ ಎದೆಯ ಮೇಲಿಟ್ಟಳು.

"ಈ ಮನೆ ನಿಮಗೇ ಇರಲಿ, ರೀ."

ಹಾಲುಕ್ಕಿಸುವ ಪಾತ್ರೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು. ಹಿಂದೆ ತಗಡನ್ನು ಗುದ್ದುವ ಸದ್ದು, ಅವಳ ಹೆಸರು, ಬೈಗುಳ, ಮತ್ತೆ ಅವಳ ಹೆಸರು. ಆಮೇಲೆ, ದಾರ ಎಳೆದು ಚಿಮ್ಮಿದಂತೆ, ಟಪ್.

ಬಾಗಿಲನ್ನು ಹಾರುಹೊಡೆದೇ ಬಿಟ್ಟು ಬಸ್ಸಿನ ರಸ್ತೆಗೆ ನಡೆದಳು. ತಿರುಗಿ ಬರಲಿಲ್ಲ.